ಐದನೇ ಗೀಟು

ಬಾಯಿ ಮುಚ್ಚುತ್ತಿರಲಿಲ್ಲ. ಚಿತಾಗಾರದ ಕೆಲಸಗಾರ ಎರಡು ಸಲ ಗದ್ದವನ್ನು ಮೇಲಕ್ಕೊತ್ತಿ ಹಿಡಿದು ನೋಡಿದ. ಕೈ ಬಿಟ್ಟ ಕೂಡಲೇ ದವಡೆ ಮತ್ತೆ ಇಳಿಯಿತು. ಮೂರನೆಯ ಸಲ ಅವನು ಸುಮ್ಮನೆ ಒಂದು ಬಿಳಿ ಪಟ್ಟಿ ತೆಗೆದುಕೊಂಡು, ಗದ್ದದ ಕೆಳಗಿನಿಂದ ತಂದು ನೆತ್ತಿಯ ಮೇಲೆ ಗಂಟು ಹಾಕತೊಡಗಿದ.

"ಬಿಗಿಯಾಗಿ ಕಟ್ಟಬೇಡಿ," ಎಂದಳು ಮಗಳು.

"ಕಟ್ಟದೇ ಇದ್ರೆ ನಿಲ್ಲಲ್ಲಮ್ಮ. ಇಷ್ಟು ಹೊತ್ತಿಗೆ ತಾನೇ ಬಿಗಿದುಕೊಂಡಿರಬೇಕಿತ್ತು. ಇವರದ್ದು ಯಾಕೋ ಸಡಿಲವಾಗೇ ಇದೆ."

"ಅವರಿಗೆ ಹಾಗೇ ಅಭ್ಯಾಸ."

ಸತ್ತ ದವಡೆಗೂ ಅಭ್ಯಾಸಕ್ಕೂ ಏನೇನೂ ಸಂಬಂಧವಿಲ್ಲವೆಂದು ಅವನಿಗೆ ಗೊತ್ತಿತ್ತು. ಆದರೆ ಅವನ ಉದ್ಯೋಗದಲ್ಲಿ ಯಾರ ಜೊತೆಗೂ ವಾದ ಮಾಡುವಂತಿಲ್ಲ. "ಇರಬಹುದು," ಎಂದು ಗಂಟನ್ನು ಸ್ವಲ್ಪ ಸಡಿಲಿಸಿದ.

ಮಗಳು ಹೇಳಿದ್ದು ಸುಳ್ಳೇನಲ್ಲ. ಅಮ್ಮ ಹತ್ತೊಂಬತ್ತು ವರ್ಷ ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು, ಎರಡು ಬೆರಳು ಕೆನ್ನೆಗೊತ್ತಿಕೊಂಡು, ದವಡೆಯನ್ನು ಕೆಳಗೆ ಬಿಡುವ ಅಭ್ಯಾಸ ಮಾಡುತ್ತಿದ್ದಳು. ದವಡೆ ಬಿಗಿದರೆ ಸ್ವರ ಬಿಗಿಯುತ್ತದೆ ಎಂದು ಸಂಗೀತದ ಮೇಷ್ಟ್ರು ಹೇಳಿದ್ದರು. ಮೇಷ್ಟ್ರು ಹೇಳಿದ್ದೆಲ್ಲವನ್ನೂ ಅಮ್ಮ ಮಾಡಿದಳು. ಹೊಟ್ಟೆಯ ಮೇಲೆ ದಪ್ಪ ಪುಸ್ತಕ ಇಟ್ಟುಕೊಂಡು ಅಂಗಾತ ಮಲಗಿ ಉಸಿರೆಳೆದಳು. ಮೇಣದಬತ್ತಿಯ ಮುಂದೆ ಕೂತು, ಜ್ವಾಲೆ ಅಲುಗದ ಹಾಗೆ ಒಂದೇ ಸ್ವರವನ್ನು ನಲವತ್ತು ಎಣಿಸುವ ತನಕ ಹಿಡಿದಳು. ಇಷ್ಟೆಲ್ಲ ಮಾಡಿಯೂ ಅವಳಿಗೆ ಹಾಡಲು ಬರಲಿಲ್ಲ. ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ ಇದು.

ಬಾಗಿಲು ಸರಿಸಿ ಸೋದರಮಾವ ಒಳಗೆ ಬಂದ. ವ್ಯಾನ್ ಓಡಿಸುವವನು. ದುಃಖ ಬಂದರೆ ತಮಾಷೆ ಮಾಡುವುದು ಬಿಟ್ಟು ಬೇರೇನೂ ಗೊತ್ತಿಲ್ಲದ ಮನುಷ್ಯ.

"ಹನ್ನೊಂದೂವರೆಗೆ ನಮ್ಮ ಸರದಿ ಅಂತೆ. ಒಲೆ ಹತ್ತಿಸೋಕೆ ಇನ್ನೂ ಮುಕ್ಕಾಲು ಗಂಟೆ ಇದೆ. ಮೇಷ್ಟ್ರು ಬಂದಿದಾರೆ. ಶ್ರುತಿಪೆಟ್ಟಿಗೆ ಹೆಗಲಿಗೆ ಹಾಕ್ಕೊಂಡೇ ಬಂದಿದಾರೆ."

"ಅವರನ್ನ ಯಾರು ಕರೆದಿದ್ದು?"

"ನಿಮ್ಮಮ್ಮನೇ. ನಾನು ಸತ್ತಾಗ ಮೇಷ್ಟ್ರ ಹತ್ರ ಒಂದು ಹಾಡು ಹಾಡ್ಸು ಅಂತ ಯಾವತ್ತೋ ಹೇಳಿದ್ಲು. ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ ಅಂತಾರೆ. ನಮ್ಮಕ್ಕನಿಗೆ ರಾಗವೂ ಬರಲಿಲ್ಲ, ರೋಗವೂ ಬರಲಿಲ್ಲ. ನೇರವಾಗಿ ಹೊರಟೇಬಿಟ್ಲು." ಅವನು ಅಕ್ಕನ ಮುಖ ನೋಡಿ ನೆತ್ತಿಯ ಮೇಲಿನ ಗಂಟು ನೋಡಿ ಮಾತು ನಿಲ್ಲಿಸಿದ.

ನಿನ್ನೆಯಿಂದ ಮಗಳ ಎದೆಯಲ್ಲಿ ಒಂದೇ ಭಯ ಕೂತಿತ್ತು. ಮೇಷ್ಟ್ರು ಬಂದರೆ, ಎದ್ದು ನಿಂತು ಇಷ್ಟು ಜನರ ಮುಂದೆ ಅಮ್ಮನಿಗೆ ಕಂಠ ಇರಲಿಲ್ಲ ಎಂದು ಹೇಳುತ್ತಾರೆ. ಹತ್ತೊಂಬತ್ತು ವರ್ಷ ದಂಡವಾಯಿತೆಂದು ಹೆಣದ ಎದುರೇ ಷರಾ ಬರೆದ ಹಾಗಾಗುತ್ತದೆ. ಬದುಕಿದ್ದಾಗ ನಕ್ಕದ್ದು ಸಾಲದೇ ಎಂದು ಅವಳಿಗೆ ಅನ್ನಿಸುತ್ತಿತ್ತು. ನಕ್ಕವರಲ್ಲಿ ತಾನೂ ಒಬ್ಬಳು ಎಂಬುದು ಅದಕ್ಕಿಂತ ಜಾಸ್ತಿ ಚುಚ್ಚುತ್ತಿತ್ತು.

* * *

ಸಂಗೀತದ ತರಗತಿಗೆ ಮೊದಲು ಸೇರಿದ್ದು ಮಗಳೇ. ಎಂಟು ವರ್ಷ ಆಗ. ಸೈಕಲ್ ಅಂಗಡಿಯ ಮೇಲಿನ ಕೋಣೆ, ಕಿರುಗುಟ್ಟುವ ಮರದ ಮೆಟ್ಟಿಲು. ಹನ್ನೆರಡು ಮಕ್ಕಳು ಚಾಪೆಯ ಮೇಲೆ ಸಾಲಾಗಿ ಕೂರುತ್ತಿದ್ದರು. ಅಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಳಗಿನ ಪಾಳಿ ಮುಗಿಸಿ, ಮಗಳನ್ನು ಕರೆತಂದು, ಬಾಗಿಲ ಬಳಿ ಕಾಯುತ್ತಿದ್ದಳು.

ಮೇಷ್ಟ್ರ ಮುಂದೆ ಶ್ರುತಿಪೆಟ್ಟಿಗೆ ಇರುತ್ತಿತ್ತು. ಕರೆಂಟಿನದ್ದು, ಬ್ರೆಡ್ಡಿನಷ್ಟು ದಪ್ಪ. ಒಂದು ಗುಂಡಿ ತಿರುಗಿಸಿದರೆ ನಾದ ಏರುತ್ತದೆ, ಇನ್ನೊಂದು ಕಡೆ ತಿರುಗಿಸಿದರೆ ಇಳಿಯುತ್ತದೆ. ಗುಂಡಿಯ ಸುತ್ತ ಏಳು ಗೀಟುಗಳು. ಮಕ್ಕಳು ಬಂದಾಗಲೆಲ್ಲ ಗುಂಡಿ ತಿರುಗಿಸಿ ಆಡುತ್ತಾರೆಂದು ಮೇಷ್ಟ್ರು ಅದನ್ನು ಐದನೇ ಗೀಟಿಗೆ ತಂದು ಮೇಲೆ ಟೇಪು ಅಂಟಿಸಿಬಿಟ್ಟಿದ್ದರು. ಎಂಟು ಹತ್ತು ವರ್ಷದ ಗಂಟಲುಗಳಿಗೆ ಅದು ಸರಿಯಾದ ಎತ್ತರ.

ಮೂರು ತಿಂಗಳಿಗೆ ಮಗಳಿಗೆ ಬೇಜಾರು ಬಂತು. ಬಿಟ್ಟಳು. ಅಮ್ಮ ಬಿಡಲಿಲ್ಲ.

"ಇವಳ ಜಾಗದಲ್ಲಿ ನಾನು ಕೂತ್ಕೊಳ್ಳಲಾ ಮೇಷ್ಟ್ರೇ?" ಎಂದು ಕೇಳಿದಳು. ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು. ಮೂವತ್ತೊಂಬತ್ತು ವಯಸ್ಸು, ಸೋಪಿನ ನೀರಿಗೆ ಬಿರುಕು ಬಿಟ್ಟ ಕೈ. "ಕೂತ್ಕೋ. ಕಿವಿ ಇದ್ದರೆ ಗಂಟಲು ತಾನಾಗೇ ಬರುತ್ತೆ," ಎಂದರು. ಅಂದಿನಿಂದ ಕೊನೆಯ ಸಾಲಿನಲ್ಲಿ, ಪುಟ್ಟ ಮಕ್ಕಳ ಹಿಂದೆ, ಅಮ್ಮ ಕೂತಳು. ಮಕ್ಕಳು ಬೆಳೆದು ಹೋದರು, ಹೊಸ ಮಕ್ಕಳು ಬಂದರು. ಅಮ್ಮ ಮಾತ್ರ ಚಾಪೆಯ ಅದೇ ಮೂಲೆಯಲ್ಲಿದ್ದಳು.

ಅಭ್ಯಾಸಕ್ಕೆಂದು ಮನೆಗೂ ಅಂಥದೇ ಪೆಟ್ಟಿಗೆ ತಂದಳು. ತಂದ ದಿನವೇ ಗುಂಡಿಯನ್ನು ಐದನೇ ಗೀಟಿಗೆ ತಿರುಗಿಸಿ, ಮೇಲೆ ಟೇಪು ಅಂಟಿಸಿ, ಉಗುರಿನಿಂದ ತೀಡಿದಳು.

* * *

ಸಭಾಂಗಣದಲ್ಲಿ ಕುರ್ಚಿಗಳು ಜಾಸ್ತಿ, ಜನ ಕಡಿಮೆ. ಮುಂದಿನ ಸಾಲಿನಲ್ಲಿ ಮಗಳು, ಮಾವ, ಕೆಳಗಿನ ಮಹಡಿಯ ಮನೆಯವರು. ಹಿಂದೆ ಲಾಂಡ್ರಿಯವರು ಏಳು ಜನ, ನೀಲಿ ಕೋಟಿನಲ್ಲೇ ಬಂದಿದ್ದರು, ಮಧ್ಯಾಹ್ನದ ಪಾಳಿಗೆ ಹಿಂದಿರುಗಬೇಕಿತ್ತು. ಎಷ್ಟು ಮೆಲ್ಲಗೆ ಮಾತಾಡಿದರೂ ಅವರ ದನಿ ಇಡೀ ಕೋಣೆಗೆ ಕೇಳುತ್ತಿತ್ತು. ಮೆಶಿನುಗಳ ನಡುವೆ ಮಾತಾಡಿ ಬೆಳೆದ ಗಂಟಲುಗಳು.

"ರೇಡಿಯೋ ನಿಂತೇ ಹೋಯ್ತಲ್ಲಪ್ಪ," ಎಂದಳು ಅವರಲ್ಲೊಬ್ಬಳು. ಎಲ್ಲರೂ ಗುಂಡಕ್ಕ ಎನ್ನುವ ದಪ್ಪನೆಯ ಹೆಂಗಸು. ಅಮ್ಮನ ಜೊತೆ ಬೆಡ್‌ಶೀಟ್ ಮಡಿಸುತ್ತಿದ್ದವಳು.

ಮಗಳು ತಿರುಗಿ ನೋಡಿದಳು. "ಯಾರು ರೇಡಿಯೋ?"

"ನಿಮ್ಮಮ್ಮ ಕಣಮ್ಮ. ನಾವೆಲ್ಲ ಹಾಗೇ ಕರೀತಿದ್ವಿ."

"ಅವರಿಗೊಂದು ಹೆಸರಿತ್ತು. ಇವತ್ತೊಂದು ದಿನ ಲೇವಡಿ ಬಿಡಿ."

ಗುಂಡಕ್ಕನ ಪಕ್ಕದಲ್ಲಿದ್ದ, ಡ್ರೈಯರ್ ನಡೆಸುವ ಮುದುಕ ಅವಳ ಮೊಣಕೈ ಮುಟ್ಟಿ ಸುಮ್ಮನಿರು ಎಂದು ಸನ್ನೆ ಮಾಡಿದ.

ಅಷ್ಟರಲ್ಲಿ ಮೇಷ್ಟ್ರು ಎದ್ದರು. ಎಪ್ಪತ್ತಾರು ವರ್ಷ, ಕೈ ನಡುಗುತ್ತಿತ್ತು, ದನಿ ಮಾತ್ರ ನೆಟ್ಟಗೆ ನಿಂತಿತ್ತು.

"ಇಂಥ ಶಿಷ್ಯೆ ನನಗೆ ಇನ್ನೊಬ್ಬರು ಸಿಗಲಿಲ್ಲ. ಹತ್ತೊಂಬತ್ತು ವರ್ಷ. ಜ್ವರ ಬಂದ್ರೂ ತಪ್ಪಿಸಲಿಲ್ಲ. ಉಸಿರಿನ ಹಿಡಿತ ನೋಡಬೇಕಿತ್ತು ನೀವು, ನಾನೇ ಬೆರಗಾಗ್ತಿದ್ದೆ. ಆದ್ರೆ ಎಲ್ಲರಿಗೂ ಎಲ್ಲಾ ಸಿಗಲ್ಲ. ಆಕೆಗೆ ಕಂಠ ಇರಲಿಲ್ಲ, ಶ್ರದ್ಧೆ ಇತ್ತು. ಮೇಲಿನ ಸ್ವರ ಕುದುರಲಿ, ವೇದಿಕೆ ಹತ್ತಿಸ್ತೀನಿ ಅಂತ ಹೇಳ್ತಾನೇ ಇದ್ದೆ. ಕುದುರಲಿಲ್ಲ."

ಮಗಳು ಕಣ್ಣು ಮುಚ್ಚಿಕೊಂಡಳು. ಹೇಳಿಯಾಯಿತು.

"ಯಾರಿಗೆ ಕಂಠ ಇರಲಿಲ್ಲ?" ಹಿಂದಿನ ಸಾಲಿನಿಂದ ಗುಂಡಕ್ಕನ ದನಿ.

* * *

ಮಗಳಿಗೆ ಹದಿನಾರು ವರ್ಷವಾಗಿದ್ದಾಗ ಗೆಳತಿಯರಿಬ್ಬರು ಓದಲು ಮನೆಗೆ ಬಂದಿದ್ದರು. ಒಳಕೋಣೆಯಲ್ಲಿ ಅಮ್ಮನ ಅಭ್ಯಾಸ. ಸ್ವರ ಮೇಲಕ್ಕೇರಿ, ಏದುಸಿರಾಗಿ, ಕೊನೆಯ ಮೆಟ್ಟಿಲಲ್ಲಿ ಹಳೇ ಬಟ್ಟೆಯ ಹಾಗೆ ಪರ್ರೆಂದು ಹರಿಯಿತು. ಮತ್ತೆ ಮೊದಲಿಂದ. ಮತ್ತೆ ಅಲ್ಲೇ ಹರಿಯಿತು. ಒಬ್ಬ ಗೆಳತಿ ಪುಸ್ತಕದಿಂದ ಬಾಯಿ ಮುಚ್ಚಿಕೊಂಡಳು. ಇನ್ನೊಬ್ಬಳು, "ಬೆಕ್ಕಿನ ಬಾಲ ಬಾಗಿಲಿಗೆ ಸಿಕ್ಕಿದೆಯೇನೇ?" ಎಂದಳು. ಮಗಳೂ ನಕ್ಕಳು.

ಅವರು ಹೋದ ಮೇಲೆ ಅವಳು ಒಳಗೆ ಹೋಗಿ ಪೆಟ್ಟಿಗೆಯ ಪ್ಲಗ್ ಕಿತ್ತಳು.

"ಸಾಕು ಮಾಡಮ್ಮ. ನಿನಗೆ ಕಂಠ ಇಲ್ಲ. ಎಲ್ಲರಿಗೂ ಗೊತ್ತು, ನಿನಗೊಬ್ಬಳಿಗೆ ಬಿಟ್ಟು."

ಅಮ್ಮ ಬೈಯಲಿಲ್ಲ. "ನನಗೂ ಗೊತ್ತು ಕಣೇ," ಎಂದಳು. "ಆದ್ರೆ ಬಿಡೋಕೆ ಆಗಲ್ಲ."

ಮರುದಿನದಿಂದ ಮನೆಯಲ್ಲಿ ಅಮ್ಮನ ಹಾಡು ಕೇಳಿಸಲಿಲ್ಲ. ಅಭ್ಯಾಸವೇನೂ ನಿಲ್ಲಲಿಲ್ಲ. ಪೆಟ್ಟಿಗೆಯ ಸದ್ದು ತೀರಾ ತಗ್ಗಿಸಿ ಕಿವಿಗೆ ಆನಿಸಿಕೊಂಡು, ಬಾಯಿ ತೆರೆದು, ಉಸಿರೆಳೆದು, ಎದೆ ತುಂಬಿ, ಸ್ವರವೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡುತ್ತಿದ್ದಳು. ಮೂಕ ಅಭ್ಯಾಸ. ಹನ್ನೊಂದು ವರ್ಷ ಹಾಗೇ ನಡೆಯಿತು. ಮಗಳು ಬಾಗಿಲ ಸಂದಿನಿಂದ ಎಷ್ಟೋ ಸಲ ನೋಡಿದ್ದಳು. ಪರವಾಗಿಲ್ಲ, ಜೋರಾಗಿ ಹಾಡಮ್ಮ ಎನ್ನಬೇಕೆಂದು ಎಷ್ಟೋ ಸಲ ಅಂದುಕೊಂಡಳು. ಇವತ್ತು ಹೇಳಿದರಾಯಿತು, ನಾಳೆ ಹೇಳಿದರಾಯಿತು ಎನ್ನುತ್ತಲೇ ಕಾಲ ಮಿಂಚಿತು.

* * *

"ಯಾರಿಗೆ ಕಂಠ ಇರಲಿಲ್ಲ ಮೇಷ್ಟ್ರೇ?" ಗುಂಡಕ್ಕ ಎದ್ದು ನಿಂತಿದ್ದಳು. "ನೀವು ಬೇರೆ ಯಾರನ್ನೋ ನೆನೆಸಿಕೊಂಡು ಮಾತಾಡ್ತಿದೀರಿ ಅನ್ಸುತ್ತೆ."

"ಕೂತ್ಕೊಳ್ಳಮ್ಮ," ಎಂದ ಸೋದರಮಾವ.

"ಕೂತ್ಕೋತೀನಿ. ಇದೊಂದು ಹೇಳಿ ಕೂತ್ಕೋತೀನಿ. ಇಪ್ಪತ್ತು ವರ್ಷ ಅವಳ ಎದುರಿಗೆ ನಿಂತು ಶೀಟ್ ಮಡಿಸಿದೀನಿ. ಆ ಕಡೆ ಎರಡು ಮೂಲೆ ಅವಳು, ಈ ಕಡೆ ಎರಡು ಮೂಲೆ ನಾನು. ಬೆಳಿಗ್ಗೆ ಆರಕ್ಕೆ ಶುರು ಮಾಡಿದ್ರೆ ಪಾಳಿ ಮುಗಿಯೋ ತನಕ ಹಾಡೋಳು. ಅದಕ್ಕೇ ರೇಡಿಯೋ ಅಂತಿದ್ವಿ. ಲೇವಡಿಗಲ್ಲಮ್ಮ." ಅವಳು ಮಗಳನ್ನು ನೋಡಿದಳು. "ಅವಳು ರಜ ಹಾಕಿದ ದಿನ ನಮಗೆ ಕೈಯೇ ಓಡ್ತಿರಲಿಲ್ಲ. ಮೇಲಿನ ವಾರ್ಡಿನ ನರ್ಸುಗಳು ಶೀಟ್ ಬೇಕು ಅಂತ ನೆಪ ಮಾಡ್ಕೊಂಡು ಇಳಿದು ಬರೋರು."

ಮೇಷ್ಟ್ರು ತಾಳ್ಮೆಯಿಂದ ನಕ್ಕರು. "ಕೆಲಸದ ಮಧ್ಯೆ ಗುನುಗೋದು ಬೇರೆ, ಹಾಡೋದು ಬೇರೆ ತಾಯಿ. ಮೇಲಿನ ಸ್ವರಕ್ಕೆ ಬಂದ್ರೆ ಆಕೆಯ ದನಿ ಸೀಳಿಹೋಗ್ತಿತ್ತು."

"ಅವಳು ಮೇಲೆ ಯಾಕೆ ಹೋಗ್ಬೇಕು? ಅವಳು ಇದ್ದದ್ದೇ ಕೆಳಗೆ."

"ಕೆಳಗೆ ಅಂದ್ರೆ?"

ಗುಂಡಕ್ಕ ಡ್ರೈಯರ್ ಮುದುಕನತ್ತ ತಿರುಗಿ, "ನಮ್ಮ ಮೆಶಿನ್ ಹೇಗೆ ಸದ್ದು ಮಾಡುತ್ತೆ, ತೋರಿಸು," ಎಂದಳು.

ಅವನು ಸಂಕೋಚಪಟ್ಟ. ಮೂವತ್ತು ವರ್ಷ ಆ ದೊಡ್ಡ ಡ್ರೈಯರ್‌ಗಳ ಪಕ್ಕ ನಿಂತವನು. ಬಾಯಿ ಮುಚ್ಚಿ, ಮೂಗಿನಿಂದ, ಒಂದು ತಗ್ಗಿನ ನಾದ ಹೊರಡಿಸಿದ. ಮ್‌ಮ್‌ಮ್ ಎಂದು ಅಲುಗದೆ ನಿಂತಿತು ಅದು. ಅವನ ಪಕ್ಕದವನೂ ಸೇರಿದ. ನೀಲಿ ಕೋಟಿನವರು ಒಬ್ಬೊಬ್ಬರಾಗಿ ಸೇರಿದರು. ಅಭ್ಯಾಸವಿಲ್ಲದ ಜನ, ಒಂದು ಎಳೆಯೂ ಆಚೀಚೆ ಆಗಲಿಲ್ಲ.

ಮೇಷ್ಟ್ರ ಮುಖದ ನಗು ಹೋಯಿತು. ಕುರ್ಚಿಯಲ್ಲಿ ಕೂತು, ಚೀಲದಿಂದ ಶ್ರುತಿಪೆಟ್ಟಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಬ್ಯಾಟರಿಯ ಸ್ವಿಚ್ ಹಾಕಿದರು. ಐದನೇ ಗೀಟಿನ ನಾದ ಎದ್ದಿತು. ನೀಲಿ ಕೋಟಿನವರ ನಾದಕ್ಕೂ ಅದಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ಅವರು ಗುಂಡಿಯ ಮೇಲಿನ ಟೇಪನ್ನು ಉಗುರಿನಿಂದ ಕೀಳಲು ನೋಡಿದರು. ಟೇಪು ಬರಲಿಲ್ಲ.

ಮಗಳು ಎದ್ದು ಬಂದು, ಬಗ್ಗಿ, ಟೇಪಿನ ತುದಿ ಹಿಡಿದು ಎಳೆದಳು. ಹಳೆಯ ಅಂಟು ಕರಿ ಗೆರೆಯಾಗಿ ಉಳಿಯಿತು. ಮೇಷ್ಟ್ರು ಗುಂಡಿ ತಿರುಗಿಸಿದರು. ನಾಲ್ಕು. ಮೂರು. ಎರಡನೇ ಗೀಟಿಗೆ ಬಂದಾಗ ಪೆಟ್ಟಿಗೆಯ ನಾದ ಅವರ ನಾದದಲ್ಲಿ ಸೇರಿಕೊಂಡು ಕಾಣೆಯಾಯಿತು.

"ಇಲ್ಲಿಂದ ಹಾಡ್ತಿದ್ದಳಾ?"

"ಇಲ್ಲಿಂದ. ಇಲ್ಲಿಂದಲೂ ಕೆಳಗಿಳಿಯೋಳು," ಎಂದ ಮುದುಕ. "ಒಮ್ಮೊಮ್ಮೆ ಮೆಶಿನ್ ಯಾವುದು ಅವಳು ಯಾವುದು ಗೊತ್ತಾಗ್ತಿರಲಿಲ್ಲ. ಆಮೇಲೆ ಮೇಲೆ ಬರೋಳು. ಹರಿಯೋದು ಗಿರಿಯೋದು ಏನೂ ಇಲ್ಲ. ತುಂಬಿದ ಕೊಡ ಎತ್ತಿಕೊಂಡು ಮೆಟ್ಟಿಲು ಹತ್ತಿದ ಹಾಗೆ, ನಿಧಾನಕ್ಕೆ, ಒಂದು ಹನಿ ಚೆಲ್ಲದೆ."

"ನಾನು ಕೇಳಿದ್ದೆ ಅವಳನ್ನ," ಎಂದಳು ಗುಂಡಕ್ಕ. "ಇಷ್ಟು ಚೆನ್ನಾಗಿ ಹಾಡ್ತೀಯ, ನಿಮ್ಮ ಮೇಷ್ಟ್ರ ಮುಂದೆ ಹೀಗೇ ಹಾಡೇ ಅಂತ. ಅಯ್ಯೋ ಇದು ಹಾಡಲ್ಲ, ಕೆಲಸದ ಗೊಣಗಾಟ, ಹಾಡು ಕ್ಲಾಸಲ್ಲಿರೋದು, ಅದು ನನಗಿನ್ನೂ ಬಂದಿಲ್ಲ ಅಂದ್ಲು."

ಮೇಷ್ಟ್ರ ಬೆರಳು ಗುಂಡಿಯ ಮೇಲೇ ಇತ್ತು. ಗೊಣಗಾಟ ಎಂಬುದು ಅವರದೇ ಮಾತು. ಎರಡನೆಯ ವರ್ಷವೋ ಮೂರನೆಯ ವರ್ಷವೋ, ಮಕ್ಕಳೆಲ್ಲ ಹೋದ ಮೇಲೆ ಆಕೆ ಹಿಂದೆ ಉಳಿದು, ಸ್ವಲ್ಪ ಕೆಳಗಿಂದ ಹಾಡಲಾ ಮೇಷ್ಟ್ರೇ ಎಂದು ಕೇಳಿದ್ದಳು. ಅವರಿಗೆ ಅಂದು ಬೇಗ ಹೋಗುವುದಿತ್ತು. ಕೆಳಗೆ ಯಾರು ಬೇಕಾದರೂ ಗೊಣಗುತ್ತಾರೆ, ಮೇಲೆ ಹತ್ತುವುದೇ ವಿದ್ಯೆ ಎಂದಿದ್ದರು. ಆಕೆ ತಲೆಯಾಡಿಸಿದಳು. ಮತ್ತೆ ಯಾವತ್ತೂ ಕೇಳಲಿಲ್ಲ. ಅವರು ನೂರಾರು ಮಕ್ಕಳಿಗೆ ಕಲಿಸಿದ್ದರು, ಒಬ್ಬಳು ದೊಡ್ಡವಳು ಹಿಂದಿನ ಸಾಲಿನಲ್ಲಿ ಕೂತಿದ್ದಾಳೆ ಎಂಬುದು ಅವರ ಕಣ್ಣಿಗೆ ಕಂಡಿತ್ತು, ಕಿವಿಗೆ ಕಂಡಿರಲಿಲ್ಲ.

"ಇದು ಮಕ್ಕಳ ಶ್ರುತಿ," ಎಂದರು ಮೇಷ್ಟ್ರು, ಯಾರಿಗೂ ಅಲ್ಲ. "ಐದು... ಮಕ್ಕಳ ಶ್ರುತಿ."

"ಒಂದು ಸಲ ತಿರುಗಿಸಿದ್ರೆ ಸಾಕಿತ್ತು," ಎಂದಳು ಮಗಳು.

"ಹೌದು."

ಬೈಯಲು ಮಗಳು ಕೂಡಿಟ್ಟುಕೊಂಡಿದ್ದೆಲ್ಲ ಅವಳಿಗೇ ಬಂದು ತಗುಲುತ್ತಿತ್ತು. ಪ್ಲಗ್ ಕಿತ್ತವಳು ಅವಳು. ಮನೆಯ ಪೆಟ್ಟಿಗೆಯ ಗುಂಡಿಯೂ ತಿರುಗುತ್ತಿತ್ತು. ಅವಳೂ ತಿರುಗಿಸಿ ನೋಡಿರಲಿಲ್ಲ.

ಅವಳು ಗುಂಡಕ್ಕನ ಬಳಿ ಹೋದಳು. "ನಿಮ್ಮ ಫೋನಲ್ಲಿ ಇದೆಯಾ? ಅಮ್ಮನ ಹಾಡು? ಯಾರ ಹತ್ರನಾದ್ರೂ?"

ನೀಲಿ ಕೋಟಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಒಳಗೆ ಫೋನ್ ಬಿಡಲ್ಲಮ್ಮ. ರೋಗಿಗಳ ಬಟ್ಟೆ ಅಲ್ವಾ, ಬಾಗಿಲಲ್ಲೇ ಇಟ್ಟು ಹೋಗ್ಬೇಕು," ಎಂದಳು ಗುಂಡಕ್ಕ.

"ಒಂದು ತುಣುಕೂ ಇಲ್ವಾ?"

"ಇಲ್ಲ ಕಣಮ್ಮ. ನಾಳೆನೂ ಹಾಡ್ತಾಳಲ್ಲ ಅಂತ ಇದ್ವಿ."

ಮಗಳು ಅವಳ ಪಕ್ಕದ ಕುರ್ಚಿಯಲ್ಲಿ ಕೂತಳು. ಅಮ್ಮನಿಗೆ ಕಂಠ ಇತ್ತು. ಅದನ್ನು ಅವಳು ಇನ್ನೆಂದೂ ಕೇಳುವಂತಿರಲಿಲ್ಲ. ಕಂಠ ಇರಲಿಲ್ಲ ಎಂದೇ ಆಗಿದ್ದರೆ ಇಷ್ಟು ನೋಯುತ್ತಿರಲಿಲ್ಲವೇನೋ ಎನ್ನಿಸಿತು.

"ನಿನ್ನೆ ಏನಾಯ್ತು?" ಎಂದು ಕೇಳಿದಳು. "ಕುಸಿದು ಬಿದ್ರು ಅಂತ ಅಷ್ಟೇ ಹೇಳಿದ್ರು."

ಗುಂಡಕ್ಕ ತನ್ನೆರಡು ಕೈಗಳನ್ನು ನೋಡಿಕೊಂಡಳು. "ಶೀಟ್ ಮಡಿಸ್ತಿದ್ವಿ. ಅವಳು ಹಾಡ್ತಿದ್ಲು. ಮಧ್ಯದಲ್ಲಿ ನಿಲ್ಲಿಸಿದ್ಲು. ಉಸಿರು ತಗೋತಿದಾಳೆ ಅಂದ್ಕೊಂಡೆ. ಅವಳು ದೊಡ್ಡ ಉಸಿರು ತಗೋಳೋಳು ಗೊತ್ತಲ್ಲ, ನಾವು ಕಾಯ್ತಿದ್ವಿ. ಕಾಯ್ದೆ. ಆಮೇಲೆ ನನ್ನ ಕೈಲಿ ಶೀಟ್ ಸಡಿಲ ಆಯ್ತು."

* * *

ಹನ್ನೊಂದೂವರೆಗೆ ಕೆಲಸಗಾರ ಬಂದು ತಲೆಯಾಡಿಸಿದ. ಎಲ್ಲರೂ ಒಲೆಯ ಕೋಣೆಗೆ ನಡೆದರು. ಗೋಡೆಯಲ್ಲಿ ಒಂದು ಕಬ್ಬಿಣದ ಬಾಗಿಲು, ಅದರ ಮುಂದೆ ಹಳಿಗಳ ಮೇಲೆ ಅಮ್ಮ. ಮೇಲೆ ಹೊದಿಸಿದ್ದು ಬಿಳಿ ಶೀಟ್. ಒಳಗೆ ಕಳಿಸುವ ಮುಂಚೆ ಕೆಲಸಗಾರ ಅದನ್ನು ತೆಗೆದು ಗುಂಡಕ್ಕನ ಕೈಗಿತ್ತ, ಹತ್ತಿರ ನಿಂತಿದ್ದವಳು ಅವಳು. ಅವಳು ಎರಡು ಮೂಲೆ ಹಿಡಿದಳು. ಉಳಿದ ಶೀಟ್ ನೆಲಕ್ಕೆ ಜೋತುಬಿತ್ತು.

"ಮೇಷ್ಟ್ರೇ, ಹಾಡಿ," ಎಂದ ಸೋದರಮಾವ. "ಅವಳ ಆಸೆ."

ಅಮ್ಮ ಹಳಿಗಳ ಮೇಲೆ ಒಳಗೆ ಸರಿದಳು, ಕಬ್ಬಿಣದ ಬಾಗಿಲು ಮುಚ್ಚಿತು. ಕೆಲಸಗಾರ ಗುಂಡಿ ಒತ್ತಿದ. ಗೋಡೆಯ ಹಿಂದೆಲ್ಲೋ ಗಾಳಿಯ ಯಂತ್ರ ಕೆಮ್ಮಿ, ಏರಿ, ಒಂದು ನಾದದಲ್ಲಿ ನಿಂತಿತು.

ನೀಲಿ ಕೋಟಿನವರೆಲ್ಲ ಒಟ್ಟಿಗೆ ತಲೆಯೆತ್ತಿದರು.

"ನಮ್ಮದೇ," ಎಂದ ಡ್ರೈಯರ್ ಮುದುಕ ಮೆಲ್ಲಗೆ. "ಎಲ್ಲಾ ಮೋಟರಿಗೂ ಒಂದೇ ಕರೆಂಟಲ್ವಾ."

ಮೇಷ್ಟ್ರ ಕೈಯಲ್ಲಿ ಪೆಟ್ಟಿಗೆ ಎರಡನೇ ಗೀಟಿನಲ್ಲೇ ನುಡಿಯುತ್ತಿತ್ತು, ಯಂತ್ರದ ಜೊತೆ ಒಂದಾಗಿ. ಅವರು ಬಾಯಿ ತೆರೆದರು. ಇಷ್ಟು ವರ್ಷ ಮಕ್ಕಳ ಎತ್ತರದಲ್ಲೇ ಹಾಡಿದ್ದ ಅವರ ಗಂಟಲಲ್ಲಿ ಅಷ್ಟು ಕೆಳಗೆ ಏನೂ ಇರಲಿಲ್ಲ, ಬರೀ ಗಾಳಿ ಬಂತು. ಗುಂಡಿಯನ್ನು ಐದಕ್ಕೆ ತಿರುಗಿಸಿದ್ದರೆ ಹಾಡಬಹುದಿತ್ತು. ತಿರುಗಿಸಲಿಲ್ಲ. ಬಾಯಿ ಮುಚ್ಚಿ ತಲೆ ತಗ್ಗಿಸಿದರು.

ಗುಂಡಕ್ಕ ತನ್ನ ಎರಡು ಮೂಲೆ ಹಿಡಿದುಕೊಂಡು ನಿಂತೇ ಇದ್ದಳು. ಮಗಳು ಬಗ್ಗಿ ನೆಲದ ಮೇಲಿದ್ದ ಇನ್ನೆರಡು ಮೂಲೆ ಎತ್ತಿಕೊಂಡಳು.

"ಬಿಗಿಯಾಗಿ ಹಿಡಿ," ಎಂದಳು ಗುಂಡಕ್ಕ.

ಮಗಳು ಬಿಗಿಯಾಗಿ ಹಿಡಿದಳು. ಶೀಟ್ ಇಬ್ಬರ ನಡುವೆ ನೆಟ್ಟಗಾಯಿತು. ಆದರೆ ಗುಂಡಕ್ಕ ಮಡಿಸಲಿಲ್ಲ. ಯಂತ್ರ ನುಡಿಯುತ್ತಿತ್ತು, ಪೆಟ್ಟಿಗೆ ನುಡಿಯುತ್ತಿತ್ತು. ನೀಲಿ ಕೋಟಿನ ಏಳು ಜನ ಮುಚ್ಚಿದ ಬಾಗಿಲ ಕಡೆ ಮುಖ ಮಾಡಿ, ಅಮ್ಮ ಉಸಿರು ತೆಗೆದುಕೊಳ್ಳುವುದನ್ನೇ ಕಾಯುವವರಂತೆ ನಿಂತಿದ್ದರು.